ಲೆಕ್ಕದ ಕಡತಗಳ ಬ್ಯಾಕಪ್: ಡಿಸ್ಕಿಗೆ ಬರೆಯುವ ಕ್ರಮ, ಮರಳಿ ಪಡೆಯುವ ಕ್ರಮ

ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿಗೂ ಕಾರ್ಖಾನೆಯ ಲೇತ್ ಯಂತ್ರಕ್ಕೂ ಹಚ್ಚುವ ಅರಿಶಿನ-ಕುಂಕುಮ ಇಂದು ಗಣಕಯಂತ್ರಕ್ಕೂ ಸಲ್ಲುತ್ತಿದೆ. ಇದು ಸಹಜವೇ ಆಗಿದೆ. ಹಿಂದೆ ರಟ್ಟಿನ ಹೊದಿಕೆಯ ಪುಸ್ತಕಗಳಲ್ಲಿದ್ದ ಕಿರ್ದಿ, ಖತಾವಣಿ, ದಾಸ್ತಾನು ವಹಿ, ಉದ್ರಿ ಬಾಕಿಯ ಪಟ್ಟಿ ಇವೆಲ್ಲವೂ ಈಗ ಆ ಯಂತ್ರದೊಳಗಿನ ಅಂಗೈಯಗಲದ ಒಂದು ಹಾರ್ಡ್ ಡಿಸ್ಕಿನಲ್ಲಿ ಅಡಕವಾಗಿವೆ. ಪುಸ್ತಕ ಹಳತಾದರೆ ಹಾಳೆ ಹರಿಯುತ್ತದೆ, ಶಾಯಿ ಮಾಸುತ್ತದೆ. ಆದರೂ ಉಳಿದ ಭಾಗವನ್ನು ಓದಬಹುದು. ಹಾರ್ಡ್ ಡಿಸ್ಕ್ ಕೆಟ್ಟರೆ ಅನೇಕ ವೇಳೆ ಯಾವ ಮುನ್ಸೂಚನೆಯೂ ಇಲ್ಲದೆ ಎಲ್ಲವೂ ಒಮ್ಮೆಗೇ ಕೈತಪ್ಪುತ್ತದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಪಂಪಿನ ಬಿಡಿಭಾಗಗಳನ್ನು ತಯಾರಿಸುವ ಒಂದು ಸಣ್ಣ ಘಟಕ. ತಿಂಗಳ 18ನೇ ತಾರೀಖಿನ ಬೆಳಿಗ್ಗೆ ಕಛೇರಿಯ ಗಣಕಯಂತ್ರ ತೆರೆದುಕೊಳ್ಳಲಿಲ್ಲ. ಹಾರ್ಡ್ ಡಿಸ್ಕ್ ಕೆಟ್ಟಿದೆ ಎಂದು ರಿಪೇರಿಯವರು ತಿಳಿಸಿದರು. ಮಾಲೀಕರಿಗೆ ಹೆಚ್ಚಿನ ಆತಂಕವಾಗಲಿಲ್ಲ. ಗುಮಾಸ್ತರು ಪ್ರತಿದಿನ ಸಂಜೆ ಮರುಬರಹದ ಸಿ.ಡಿ.ಗೆ ಬ್ಯಾಕಪ್ ತೆಗೆಯುತ್ತಿದ್ದರು. ಹೊಸ ಹಾರ್ಡ್ ಡಿಸ್ಕ್ ಹಾಕಿಸಿ ಸಿ.ಡಿ.ಯನ್ನು ತೆರೆದಾಗ ಅದರಲ್ಲಿ ಇದ್ದುದು ಒಂದೇ ಒಂದು ಪುಟ್ಟ ಕಡತ. ಗುಮಾಸ್ತರು ಇಷ್ಟು ದಿನವೂ ಪರದೆಯ ಮೇಲೆ ಕಾಣುವ ಲೆಕ್ಕದ ತಂತ್ರಾಂಶದ ಚಿಹ್ನೆಯನ್ನಷ್ಟೇ, ಅಂದರೆ ಶಾರ್ಟ್‌ಕಟ್ಟನ್ನಷ್ಟೇ, ಸಿ.ಡಿ.ಗೆ ಎಳೆದು ಹಾಕುತ್ತಿದ್ದರು. ಚಿಹ್ನೆಯು ಮನೆಯ ವಿಳಾಸವಿದ್ದಂತೆ. ವಿಳಾಸ ಬರೆದ ಚೀಟಿಯನ್ನು ಕಾಪಾಡಿದರೆ ಮನೆಯನ್ನು ಕಾಪಾಡಿದಂತಾಗುವುದಿಲ್ಲ.

ಇಲ್ಲಿ ಗುಮಾಸ್ತರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ, ಡಿಸ್ಕಿನಲ್ಲಿ ದೋಷವಿರಲಿಲ್ಲ. ಬರೆದುದನ್ನು ಒಮ್ಮೆಯಾದರೂ ಮರಳಿ ಪಡೆದು ನೋಡದೇ ಇದ್ದುದೇ ಲೋಪ. ಈ ಲೇಖನದಲ್ಲಿ ಬ್ಯಾಕಪ್ ಬರೆಯುವ ಕ್ರಮದೊಂದಿಗೆ ಅದನ್ನು ಮರಳಿ ಪಡೆಯುವ ಕ್ರಮವನ್ನೂ ವಿವರಿಸಲಾಗಿದೆ.

ಕಾನೂನು ಏನನ್ನು ಅಪೇಕ್ಷಿಸುತ್ತದೆ?

ಬ್ಯಾಕಪ್ ಇಡುವುದು ಮುಂಜಾಗ್ರತೆಯ ಮಾತಷ್ಟೇ ಎಂದು ಅನೇಕ ವರ್ತಕರು ಭಾವಿಸಿದ್ದಾರೆ. ಕೇಂದ್ರೀಯ ಸರಕು ಮತ್ತು ಸೇವಾ ತೆರಿಗೆ ನಿಯಮಗಳು, 2017ರ 57ನೇ ನಿಯಮವು ಇದನ್ನು ಕರ್ತವ್ಯವನ್ನಾಗಿಯೇ ಮಾಡಿದೆ. ವಿದ್ಯುನ್ಮಾನ ರೂಪದಲ್ಲಿ ದಾಖಲೆ ಇಡುವವರು ಅದರ ಸಮರ್ಪಕ ಬ್ಯಾಕಪ್ಪನ್ನು ಕಾಯ್ದಿರಿಸಬೇಕು. ಅಪಘಾತದಿಂದಾಗಲಿ ನೈಸರ್ಗಿಕ ಕಾರಣದಿಂದಾಗಲಿ ದಾಖಲೆ ನಾಶವಾದರೆ ಸಮಂಜಸವಾದ ಅವಧಿಯೊಳಗೆ ಮಾಹಿತಿಯನ್ನು ಮರಳಿ ಪಡೆಯುವಂತಿರಬೇಕು ಎಂಬುದು ಆ ನಿಯಮದ ತಾತ್ಪರ್ಯ. ಡಿಸ್ಕ್ ಬೀರುವಿನಲ್ಲಿದೆ ಎಂದರೆ ಸಾಲದು. ಅದರಿಂದ ಲೆಕ್ಕ ಹೊರಬರಬೇಕು.

ಎಷ್ಟು ಕಾಲ ಇಡಬೇಕು ಎಂಬುದಕ್ಕೆ ಸಿ.ಜಿ.ಎಸ್.ಟಿ. ಕಾಯ್ದೆಯ 36ನೇ ಪ್ರಕರಣ ಉತ್ತರಿಸುತ್ತದೆ. ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಉಳಿಸಿಕೊಳ್ಳಬೇಕು. ಉದಾಹರಣೆಗೆ, 2024-25ನೇ ಸಾಲಿನ ವಾರ್ಷಿಕ ವಿವರಪಟ್ಟಿಗೆ 2025ರ ಡಿಸೆಂಬರ್ 31 ಕೊನೆಯ ದಿನವೆಂದು ಹಿಡಿದರೆ, ಆ ಸಾಲಿನ ಲೆಕ್ಕ 2031ರ ಡಿಸೆಂಬರ್ 31ರವರೆಗೆ ಲಭ್ಯವಿರಬೇಕು. ಮೇಲ್ಮನವಿ ಅಥವಾ ತನಿಖೆ ಬಾಕಿ ಇದ್ದರೆ ಈ ಅವಧಿ ಇನ್ನೂ ಮುಂದಕ್ಕೆ ಹೋಗಬಹುದು. ಕಂಪನಿಯಾಗಿ ನೋಂದಣಿಯಾದ ಸಂಸ್ಥೆಗಳು ಕಂಪನಿಗಳ ಕಾಯ್ದೆ, 2013ರ 128ನೇ ಪ್ರಕರಣದ ಮೇರೆಗೆ 8 ಆರ್ಥಿಕ ವರ್ಷಗಳ ಲೆಕ್ಕವನ್ನು ಇಡಬೇಕು. ಇಂಥ ಕಂಪನಿಗಳು ಭಾರತದಲ್ಲಿರುವ ಸರ್ವರಿನಲ್ಲಿ ಬ್ಯಾಕಪ್ ಇಡಬೇಕೆಂಬ ನಿಯಮವಿದ್ದು, 2022ರ ತಿದ್ದುಪಡಿಯ ನಂತರ ಅದು ದಿನನಿತ್ಯದ ಕರ್ತವ್ಯವಾಗಿದೆ. ಆದ್ದರಿಂದ ಕಂಪನಿಗಳಿಗೆ ಡಿಸ್ಕ್ ಹೆಚ್ಚುವರಿ ರಕ್ಷಣೆಯಾಗಬಹುದೇ ಹೊರತು ಸರ್ವರಿನ ಬದಲಿಯಾಗಲಾರದು.

"ಎಲ್ಲವೂ ಜಿ.ಎಸ್.ಟಿ. ಪೋರ್ಟಲ್‌ನಲ್ಲಿ ಇದೆಯಲ್ಲ" ಎಂಬ ಮಾತು ಕೇಳಿಬರುವುದುಂಟು. ಸಲ್ಲಿಸಿದ ವಿವರಪಟ್ಟಿಗಳು ಅಲ್ಲಿ ದೊರೆಯುತ್ತವೆ ಎಂಬುದು ನಿಜ. ಆದರೆ 7 ವರ್ಷ ಕಳೆದ ವಿವರಪಟ್ಟಿಗಳನ್ನು ವೀಕ್ಷಣೆಯಿಂದ ತೆಗೆಯುವ ನೀತಿಯನ್ನು 2024ರಲ್ಲಿ ಪ್ರಕಟಿಸಲಾಯಿತು. ಅದಕ್ಕಿಂತ ಮುಖ್ಯವಾಗಿ, ಯಾವ ಗಿರಾಕಿಯಿಂದ ಎಷ್ಟು ಬಾಕಿ ಬರಬೇಕು, ಗೋದಾಮಿನಲ್ಲಿ ಎಷ್ಟು ದಾಸ್ತಾನು ಇದೆ, ಕಾರ್ಮಿಕರಿಗೆ ಕೊಟ್ಟ ಮುಂಗಡವೆಷ್ಟು, ಯಂತ್ರಕ್ಕೆ ಕೊಡುವ ನಕ್ಷೆಗಳು ಯಾವುವು ಎಂಬುದು ಪೋರ್ಟಲ್‌ನಲ್ಲಿ ಇರುವುದಿಲ್ಲ. ಮಾಸಿಕ ವಿವರಪಟ್ಟಿ ಸಲ್ಲಿಸುವವರು ಮರುತಿಂಗಳ 20ರೊಳಗೆ ಜಿ.ಎಸ್.ಟಿ.ಆರ್.-3ಬಿ ಸಲ್ಲಿಸದಿದ್ದರೆ, ತೆರಿಗೆ ಬಾಕಿ ಇದ್ದಲ್ಲಿ ಗರಿಷ್ಠ ಮಿತಿಗೆ ಒಳಪಟ್ಟು ದಿನಕ್ಕೆ 50 ರೂ. ವಿಳಂಬ ಶುಲ್ಕವೂ ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಬೀಳುತ್ತವೆ. ಅದನ್ನು ಹೇಗೋ ಕಟ್ಟಿ ಮುಗಿಸಬಹುದು. ಉದ್ರಿ ಬಾಕಿಯ ಖಾತೆ ಕಳೆದುಹೋದರೆ ಆಗುವ ನಷ್ಟಕ್ಕೆ ಮಿತಿಯಿಲ್ಲ.

ಡಿಸ್ಕುಗಳಲ್ಲಿ ಎರಡು ಜಾತಿ

ಮಾರುಕಟ್ಟೆಯಲ್ಲಿ ದೊರೆಯುವ ಖಾಲಿ ಡಿಸ್ಕುಗಳನ್ನು ಎರಡು ಜಾತಿಯಾಗಿ ವಿಂಗಡಿಸಬಹುದು. ಒಮ್ಮೆ ಮಾತ್ರ ಬರೆಯಬಲ್ಲವು ಒಂದು. ಇವುಗಳ ಹೆಸರಿನ ಕೊನೆಯಲ್ಲಿ 'ಆರ್' ಎಂಬ ಅಕ್ಷರವಿರುತ್ತದೆ. ಅಳಿಸಿ ಮತ್ತೆ ಬರೆಯಬಲ್ಲವು ಇನ್ನೊಂದು, ಸಿ.ಡಿ. ಮತ್ತು ಡಿ.ವಿ.ಡಿ.ಗಳಲ್ಲಿ ಇವಕ್ಕೆ 'ಆರ್.ಡಬ್ಲ್ಯೂ.' ಎಂದೂ ಬ್ಲೂ-ರೇ ಡಿಸ್ಕಿನಲ್ಲಿ 'ಆರ್.ಇ.' ಎಂದೂ ಗುರುತು ಇರುತ್ತದೆ. ಕೊಳ್ಳುವಾಗ ಈ ಗುರುತನ್ನು ನೋಡುವುದು ಅಗತ್ಯ.

ಒಮ್ಮೆ ಬರೆಯುವ ಸಿ.ಡಿ.ಯಲ್ಲಿ ಬಣ್ಣದ ಒಂದು ಪದರವಿದ್ದು, ಲೇಸರ್ ಕಿರಣ ತಾಗಿದ ಕಡೆ ಅದು ಶಾಶ್ವತವಾಗಿ ಬದಲಾಗುತ್ತದೆ. ಮರುಬರಹದ ಸಿ.ಡಿ.ಯಲ್ಲಿ ಬಣ್ಣದ ಬದಲು ಸಾಮಾನ್ಯವಾಗಿ ಬೆಳ್ಳಿ, ಇಂಡಿಯಂ, ಆಂಟಿಮೊನಿ ಮತ್ತು ಟೆಲ್ಯೂರಿಯಂ ಸೇರಿದ ಮಿಶ್ರಲೋಹದ ಪದರವಿರುತ್ತದೆ. ಬರೆಯುವಾಗ ಲೇಸರ್ ಈ ಪದರದ ಸೂಕ್ಷ್ಮ ಚುಕ್ಕೆಯನ್ನು ಸುಮಾರು 500ರಿಂದ 700 ಡಿಗ್ರಿ ಸೆಲ್ಷಿಯಸ್‌ವರೆಗೆ ಕಾಯಿಸಿ ಕರಗಿಸುತ್ತದೆ. ಒಡನೆಯೇ ತಣಿದಾಗ ಆ ಚುಕ್ಕೆ ಹರಳಿನ ರೂಪ ಕಳೆದುಕೊಂಡು ಮಂದವಾಗುತ್ತದೆ. ಅಳಿಸುವಾಗ ಸುಮಾರು 200 ಡಿಗ್ರಿಯವರೆಗೆ ಮಾತ್ರ ಕಾಯಿಸುವುದರಿಂದ ಪದರ ಮತ್ತೆ ಹರಳುಗಟ್ಟಿ ಹೊಳಪು ಪಡೆಯುತ್ತದೆ. ಹೀಗೆ ಸುಮಾರು 1,000 ಬಾರಿ ಬರೆದು ಅಳಿಸಬಹುದು.

ಈ ಸೌಕರ್ಯಕ್ಕೆ ಒಂದು ಬೆಲೆಯಿದೆ. ಒಮ್ಮೆ ಬರೆಯುವ ಸಿ.ಡಿ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 65ಕ್ಕಿಂತ ಹೆಚ್ಚು ಭಾಗವನ್ನು ಹಿಂದಿರುಗಿಸಿದರೆ, ಮರುಬರಹದ ಸಿ.ಡಿ. ಹಿಂದಿರುಗಿಸುವುದು ಶೇ. 15ರಿಂದ 25ರಷ್ಟು ಮಾತ್ರ. ಹಳೆಯ ಅಥವಾ ಧೂಳು ತುಂಬಿದ ಡ್ರೈವ್‌ಗಳಿಗೆ ಇದನ್ನು ಓದುವುದು ಕಷ್ಟವಾಗುತ್ತದೆ. ಬರೆದ ಯಂತ್ರದಲ್ಲಿ ತೆರೆದುಕೊಂಡ ಡಿಸ್ಕ್ ಇನ್ನೊಂದು ಯಂತ್ರದಲ್ಲಿ ತೆರೆದುಕೊಳ್ಳದಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಸಿ.ಡಿ.-ಆರ್.ಡಬ್ಲ್ಯೂ. ಡಿಸ್ಕಿನ ಸಾಮರ್ಥ್ಯ 650 ಅಥವಾ 700 ಎಂ.ಬಿ. ಡಿ.ವಿ.ಡಿ.ಯ ಸಾಮರ್ಥ್ಯ 4.7 ಜಿ.ಬಿ. ಎಂದು ಹೊದಿಕೆಯ ಮೇಲೆ ಮುದ್ರಿಸಿದ್ದರೂ ವಿಂಡೋಸ್ ಅದನ್ನು ಸುಮಾರು 4.38 ಜಿ.ಬಿ. ಎಂದು ತೋರಿಸುತ್ತದೆ, ಎಣಿಕೆಯ ಪದ್ಧತಿ ಬೇರೆಯಾದುದರಿಂದ ಈ ವ್ಯತ್ಯಾಸವೇ ಹೊರತು ಮೋಸವಲ್ಲ. ಬ್ಲೂ-ರೇ ಮರುಬರಹದ ಡಿಸ್ಕಿನ ಒಂದು ಪದರದಲ್ಲಿ 25 ಜಿ.ಬಿ. ಹಿಡಿಯುತ್ತದೆ. ಕೇವಲ ಲೆಕ್ಕದ ಕಡತಗಳಾದರೆ ಸಣ್ಣ ಸಂಸ್ಥೆಗೆ ಸಿ.ಡಿ.ಯೇ ಸಾಕಾಗಬಹುದು. ಸ್ಕ್ಯಾನ್ ಮಾಡಿದ ಬಿಲ್ಲುಗಳು, ನಕ್ಷೆಗಳು ಮತ್ತು ಛಾಯಾಚಿತ್ರಗಳಿದ್ದರೆ ಡಿ.ವಿ.ಡಿ. ಅಥವಾ ಬ್ಲೂ-ರೇ ಬೇಕಾಗುತ್ತದೆ.

ಬರೆಯುವ ಕ್ರಮ

ಮೊದಲನೆಯದಾಗಿ, ಲೆಕ್ಕದ ತಂತ್ರಾಂಶವನ್ನು ಬಳಸುತ್ತಿರುವವರೆಲ್ಲರೂ ಕೆಲಸ ನಿಲ್ಲಿಸಬೇಕು. ನಮೂದು ನಡೆಯುತ್ತಿರುವಾಗ ಪ್ರತಿ ತೆಗೆದರೆ ಕಡತದ ಒಂದು ಭಾಗ ಹಳೆಯದು, ಇನ್ನೊಂದು ಭಾಗ ಹೊಸದು ಆಗಿ, ಮರಳಿ ಪಡೆದಾಗ ಲೆಕ್ಕ ತಾಳೆಯಾಗದೆ ಹೋಗಬಹುದು.

ಎರಡನೆಯದಾಗಿ, ತಂತ್ರಾಂಶದಲ್ಲಿಯೇ ಇರುವ ಬ್ಯಾಕಪ್ ಸೌಲಭ್ಯವನ್ನು ಬಳಸಬೇಕು. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಟ್ಯಾಲಿ ಇ.ಆರ್.ಪಿ. 9ರಲ್ಲಿ ಆಲ್ಟ್ ಮತ್ತು ಎಫ್3 ಕೀಲಿಗಳ ಮೂಲಕವೂ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಕೀಲಿಗಳನ್ನು ಒಟ್ಟಿಗೆ ಒತ್ತುವ ಮೂಲಕವೂ ಬ್ಯಾಕಪ್ ಮತ್ತು ರೀಸ್ಟೋರ್ ಆಯ್ಕೆಗಳನ್ನು ತಲುಪಬಹುದು. ಬ್ಯಾಕಪ್ಪನ್ನು ನೇರವಾಗಿ ಡಿಸ್ಕಿಗೆ ಕಳುಹಿಸದೆ, ಮೊದಲು ಹಾರ್ಡ್ ಡಿಸ್ಕಿನಲ್ಲಿ ಆ ದಿನದ ತಾರೀಖಿನ ಹೆಸರಿನ ಒಂದು ಫೋಲ್ಡರಿಗೆ ತೆಗೆದು, ನಂತರ ಆ ಫೋಲ್ಡರನ್ನು ಡಿಸ್ಕಿಗೆ ಬರೆಯುವುದು ಕ್ಷೇಮ. ಲೆಕ್ಕದ ಜೊತೆಗೆ ಎಕ್ಸೆಲ್ ಪಟ್ಟಿಗಳು, ಪತ್ರವ್ಯವಹಾರ, ಇ-ಮೇಲ್, ನಕ್ಷೆಗಳು, ಸಿ.ಎನ್.ಸಿ. ಯಂತ್ರದ ಪ್ರೋಗ್ರಾಂಗಳು ಎಲ್ಲೆಲ್ಲಿ ಇವೆ ಎಂಬ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಹುಬ್ಬಳ್ಳಿಯ ಘಟಕದಲ್ಲಿ ಇದ್ದಿರದೇ ಹೋದದ್ದು ಈ ಒಂದು ಹಾಳೆ.

ಮೂರನೆಯದಾಗಿ, ಬರೆಯುವ ವಿಧಾನವನ್ನು ಆರಿಸಬೇಕು. ಪೆನ್ ಡ್ರೈವ್‌ನಂತೆ ಒಂದೊಂದೇ ಕಡತವನ್ನು ಎಳೆದು ಹಾಕುವ ವಿಧಾನ ಒಂದು. ಇದು ಸುಲಭವೆನಿಸಿದರೂ ಸಿ.ಡಿ.ಯಲ್ಲಿ ಸುಮಾರು ಐದನೇ ಒಂದು ಭಾಗದಷ್ಟು ಜಾಗ ವ್ಯವಸ್ಥೆಗೇ ಖರ್ಚಾಗಬಹುದು. ಮಧ್ಯದಲ್ಲಿ ಕರೆಂಟ್ ಹೋದರೆ ಇಡೀ ಡಿಸ್ಕೇ ಓದಲಾಗದ ಸ್ಥಿತಿಗೆ ಬರಬಹುದು. ಬೇರೆ ಯಂತ್ರದಲ್ಲಿ ತೆರೆದುಕೊಳ್ಳದಿರುವ ಸಂಭವವೂ ಹೆಚ್ಚು. ಎಲ್ಲ ಕಡತಗಳನ್ನೂ ಒಟ್ಟುಗೂಡಿಸಿ ಒಂದೇ ಬಾರಿಗೆ ಬರೆದು ಡಿಸ್ಕನ್ನು ಮುಕ್ತಾಯಗೊಳಿಸುವ ವಿಧಾನ ಇನ್ನೊಂದು. ವಿಂಡೋಸ್‌ನಲ್ಲಿ ಖಾಲಿ ಡಿಸ್ಕ್ ಹಾಕಿದಾಗ ಬರುವ ಎರಡು ಆಯ್ಕೆಗಳ ಪೈಕಿ 'ಸಿ.ಡಿ./ಡಿ.ವಿ.ಡಿ. ಪ್ಲೇಯರ್‌ನೊಂದಿಗೆ' ಎಂಬರ್ಥದ ಆಯ್ಕೆ ಈ ಎರಡನೆಯ ವಿಧಾನದ್ದು. ವ್ಯಾಪಾರದ ದಾಖಲೆಗೆ ಇದೇ ಸೂಕ್ತ.

ನಾಲ್ಕನೆಯದಾಗಿ, ಬರೆದ ನಂತರ ಪರಿಶೀಲಿಸುವ 'ವೆರಿಫೈ' ಆಯ್ಕೆ ತಂತ್ರಾಂಶದಲ್ಲಿದ್ದರೆ ಅದನ್ನು ಎಂದಿಗೂ ಬಿಡಬಾರದು. ಡಿಸ್ಕಿನಲ್ಲಿರುವುದು ಮೂಲದೊಡನೆ ಹೊಂದುತ್ತದೆಯೇ ಎಂದು ಅದು ಓದಿ ಹೋಲಿಸುತ್ತದೆ. 4ಎಕ್ಸ್ ವೇಗದಲ್ಲಿ ತುಂಬಿದ ಡಿ.ವಿ.ಡಿ. ಬರೆಯಲು ಸುಮಾರು 15 ನಿಮಿಷ ಬೇಕು; ಪರಿಶೀಲನೆಗೆ ಇನ್ನಷ್ಟು ಹೊತ್ತು. ಸಂಜೆ ನಗದು ಎಣಿಸುವ ಹೊತ್ತಿನಲ್ಲಿ ಈ ಕೆಲಸ ತಾನಾಗಿ ಮುಗಿಯುತ್ತದೆ. ಯು.ಪಿ.ಎಸ್. ಇಲ್ಲದ ಯಂತ್ರದಲ್ಲಿ ಡಿಸ್ಕ್ ಬರೆಯುವ ಸಾಹಸ ಬೇಡ.

ಅಳಿಸುವ ಮುನ್ನ ಯೋಚನೆ

ಮರುಬರಹದ ಡಿಸ್ಕಿನ ದೊಡ್ಡ ಗುಣವೂ ದೊಡ್ಡ ಅಪಾಯವೂ ಒಂದೇ: ಅದನ್ನು ಅಳಿಸಬಹುದು. ಒಂದೇ ಡಿಸ್ಕ್ ಇಟ್ಟುಕೊಂಡು ಪ್ರತಿದಿನ ಅಳಿಸಿ ಬರೆಯುವವರ ಬಳಿ, ಅಳಿಸಿದ ಕ್ಷಣದಿಂದ ಹೊಸ ಪ್ರತಿ ಪೂರ್ಣವಾಗುವವರೆಗೆ ಡಿಸ್ಕಿನಲ್ಲಿ ಏನೂ ಇರುವುದಿಲ್ಲ. ಆ ಹೊತ್ತಿನಲ್ಲಿ ಹಾರ್ಡ್ ಡಿಸ್ಕ್ ಕೆಟ್ಟರೆ ಎರಡೂ ಹೋದಂತೆಯೇ. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮವಾದುದು. ಸೋಮವಾರ ಯಾರೋ ತಪ್ಪಾಗಿ ಒಂದು ಖಾತೆಯನ್ನು ಅಳಿಸಿದ್ದು ಗುರುವಾರ ಗಮನಕ್ಕೆ ಬಂದರೆ, ಅಷ್ಟರಲ್ಲಿ ಒಂದೇ ಡಿಸ್ಕಿನ ಮೇಲೆ ಮೂರು ಬಾರಿ ಆ ತಪ್ಪಿನ ಪ್ರತಿಯೇ ಬಂದು ಕುಳಿತಿರುತ್ತದೆ.

ಇದಕ್ಕೆ ಪರಿಹಾರ ಡಿಸ್ಕುಗಳ ಸರದಿ. ದೊಡ್ಡ ಗಣಕಯಂತ್ರಗಳಲ್ಲಿ ಟೇಪುಗಳನ್ನು ಬಳಸುತ್ತಿದ್ದ ಕಾಲದಿಂದ ಅಜ್ಜ-ತಂದೆ-ಮಗ ಎಂಬ ಹೆಸರಿನ ಪದ್ಧತಿ ನಡೆದುಬಂದಿದೆ. ಸಣ್ಣ ಸಂಸ್ಥೆಗೆ ಅದನ್ನು ಹೀಗೆ ಹೊಂದಿಸಿಕೊಳ್ಳಬಹುದು:

ಮಗ: ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ 5 ಮರುಬರಹದ ಡಿಸ್ಕುಗಳು. ಪ್ರತಿಯೊಂದೂ ಮುಂದಿನ ವಾರ ಅದೇ ದಿನ ಮಾತ್ರ ಅಳಿಸಲ್ಪಡುತ್ತದೆ.

ತಂದೆ: ಒಂದನೇ ಶನಿವಾರ, ಎರಡನೇ ಶನಿವಾರ ಎಂದು ಹೆಸರಿಸಿದ 5 ಮರುಬರಹದ ಡಿಸ್ಕುಗಳು. ಇವು ಮುಂದಿನ ತಿಂಗಳವರೆಗೆ ಉಳಿಯುತ್ತವೆ.

ಅಜ್ಜ: ಪ್ರತಿ ತಿಂಗಳ ಕೊನೆಗೆ ಒಮ್ಮೆ ಬರೆಯುವ ಜಾತಿಯ ಒಂದು ಡಿಸ್ಕ್. ಇದನ್ನು ಅಳಿಸುವ ಪ್ರಶ್ನೆಯೇ ಇಲ್ಲ. ಮಾರ್ಚ್ ಅಂತ್ಯದ ಡಿಸ್ಕನ್ನು ಲೆಕ್ಕ ಪರಿಶೋಧನೆ ಮುಗಿದ ನಂತರ ಮತ್ತೊಮ್ಮೆ ಎರಡು ಪ್ರತಿಗಳಲ್ಲಿ ಬರೆಯಬೇಕು.

ಹೀಗೆ 10 ಮರುಬರಹದ ಡಿಸ್ಕುಗಳೂ ವರ್ಷಕ್ಕೆ 14 ಸಾಧಾರಣ ಡಿಸ್ಕುಗಳೂ ಸಾಕು. ವಾರಕ್ಕೊಮ್ಮೆ ಬಳಸುವ ಡಿಸ್ಕ್ ವರ್ಷಕ್ಕೆ 52 ಬಾರಿ ಬರೆಯಲ್ಪಡುವುದರಿಂದ 1,000 ಬಾರಿಯ ಮಿತಿ ಮುಟ್ಟಲು 19 ವರ್ಷ ಬೇಕು. ಅಷ್ಟರೊಳಗೆ ಗೀರು, ಧೂಳು ಅಥವಾ ಶಾಖದಿಂದಲೇ ಅದು ಹಾಳಾಗುವುದು ನಿಶ್ಚಿತ. ಆದ್ದರಿಂದ ಎಣಿಕೆಯನ್ನು ಕಾಯದೆ ಎರಡು ವರ್ಷಕ್ಕೊಮ್ಮೆ ಹೊಸ ಡಿಸ್ಕ್ ಹಾಕುವುದು ಒಳ್ಳೆಯದು. ಪರಿಶೀಲನೆಯಲ್ಲಿ ಒಮ್ಮೆ ದೋಷ ಕಂಡ ಡಿಸ್ಕನ್ನು ಮತ್ತೆ ನಂಬಬಾರದು.

ಮರಳಿ ಪಡೆಯುವ ಕ್ರಮ

ಹಾರ್ಡ್ ಡಿಸ್ಕ್ ಕೆಟ್ಟ ದಿನ ಗಾಬರಿಯಲ್ಲಿ ಮಾಡುವ ತಪ್ಪುಗಳೇ ಹೆಚ್ಚಿನ ಹಾನಿ ತರುತ್ತವೆ. ಡಿಸ್ಕನ್ನು ಹಾಕಿ, ಸಿಕ್ಕ ಕಡೆಗೆ ರೀಸ್ಟೋರ್ ಒತ್ತುವುದು ಅಂಥ ಒಂದು ತಪ್ಪು. ರೀಸ್ಟೋರ್ ಎಂಬುದು ಯಂತ್ರದಲ್ಲಿರುವ ಲೆಕ್ಕದ ಮೇಲೆಯೇ ಹಳೆಯ ಪ್ರತಿಯನ್ನು ತಂದು ಕೂರಿಸಬಲ್ಲದು. ನಿನ್ನೆಯ ಪ್ರತಿ ಇಂದಿನ ನಮೂದುಗಳನ್ನು ನುಂಗಿಹಾಕುವುದು ಹೀಗೆ. ಆದಕಾರಣ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಉಚಿತ.

1. ಯಂತ್ರದಲ್ಲಿ ಹಳೆಯ ದತ್ತಾಂಶ ಅಲ್ಪಸ್ವಲ್ಪ ಉಳಿದಿದ್ದರೂ ಮೊದಲು ಅದನ್ನು ಬೇರೆ ಹೆಸರಿನ ಫೋಲ್ಡರಿಗೆ ಪ್ರತಿಮಾಡಿ ಇಡಬೇಕು. ಅದು ಕೆಟ್ಟಿರುವಂತೆ ಕಂಡರೂ ಸರಿಯೇ.

2. ಡಿಸ್ಕಿನಿಂದ ನೇರವಾಗಿ ರೀಸ್ಟೋರ್ ಮಾಡದೆ, ಡಿಸ್ಕಿನಲ್ಲಿರುವ ಬ್ಯಾಕಪ್ ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ತಂದುಕೊಳ್ಳಬೇಕು. ಡಿಸ್ಕನ್ನು ಓದುವಲ್ಲಿ ತೊಂದರೆಯಿದ್ದರೆ ಈ ಹಂತದಲ್ಲಿಯೇ ತಿಳಿಯುತ್ತದೆ. ಆಗ ಡಿಸ್ಕನ್ನು ಒರೆಸಿ, ಬೇರೊಂದು ಡ್ರೈವ್‌ನಲ್ಲಿ ಪ್ರಯತ್ನಿಸಬೇಕು. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು.

3. ಡಿಸ್ಕಿನಿಂದ ಬಂದ ಕಡತಗಳಿಗೆ ಕೆಲವು ಸಂದರ್ಭಗಳಲ್ಲಿ, ಮುಖ್ಯವಾಗಿ ಹಳೆಯ ವಿಂಡೋಸ್ ಆವೃತ್ತಿಗಳಲ್ಲಿ, 'ರೀಡ್ ಓನ್ಲಿ' ಗುರುತು ಅಂಟಿಕೊಂಡಿರುತ್ತದೆ. ಲೆಕ್ಕ ತೆರೆದುಕೊಂಡರೂ ಹೊಸ ನಮೂದು ಉಳಿಯುವುದಿಲ್ಲ. ಕಡತದ ಪ್ರಾಪರ್ಟೀಸ್‌ಗೆ ಹೋಗಿ ಆ ಗುರುತನ್ನು ತೆಗೆದರೆ ಸಮಸ್ಯೆ ನಿವಾರಣೆಯಾಗುತ್ತದೆ.

4. ತಂತ್ರಾಂಶದ ರೀಸ್ಟೋರ್ ಆಯ್ಕೆಯಲ್ಲಿ ಎಲ್ಲಿಂದ, ಎಲ್ಲಿಗೆ ಎಂಬ ಎರಡು ವಿಳಾಸಗಳನ್ನು ಕೇಳಲಾಗುತ್ತದೆ. 'ಎಲ್ಲಿಗೆ' ಎಂಬಲ್ಲಿ ಹೊಸ ಖಾಲಿ ಫೋಲ್ಡರಿನ ವಿಳಾಸ ಕೊಡಬೇಕು. ಪ್ರತಿ ಸರಿಯಿದೆ ಎಂದು ಖಚಿತವಾದ ಮೇಲಷ್ಟೇ ಅದನ್ನು ನಿತ್ಯದ ಸ್ಥಾನಕ್ಕೆ ತರಬೇಕು.

5. ಲೆಕ್ಕ ತೆರೆದುಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಬ್ಯಾಕಪ್ ತೆಗೆದ ದಿನದ ತಾಳೆಪಟ್ಟಿಯ ಮೊತ್ತ, ನಗದು ಶಿಲ್ಕು, ಬ್ಯಾಂಕ್ ಶಿಲ್ಕು, ಕೊನೆಯ ಬಿಲ್ಲಿನ ಸಂಖ್ಯೆ, ಒಟ್ಟು ಉದ್ರಿ ಬಾಕಿ ಈ ಐದು ಅಂಕಿಗಳನ್ನು ಹೋಲಿಸಬೇಕು. ಇವುಗಳನ್ನು ಬ್ಯಾಕಪ್ ತೆಗೆಯುವಾಗಲೇ ಒಂದು ನೋಟ್ ಪುಸ್ತಕದಲ್ಲಿ ಬರೆದಿಡುವ ರೂಢಿಯಿದ್ದರೆ ಹೋಲಿಕೆ ಐದು ನಿಮಿಷದ ಕೆಲಸ.

6. ಬ್ಯಾಕಪ್ ದಿನಕ್ಕೂ ಕೆಟ್ಟ ದಿನಕ್ಕೂ ನಡುವಿನ ನಮೂದುಗಳನ್ನು ಬಿಲ್ಲು, ಚಲನ್, ಬ್ಯಾಂಕ್ ವಿವರಪಟ್ಟಿಗಳ ಆಧಾರದಿಂದ ಪುನಃ ಮಾಡಬೇಕು. ದಿನನಿತ್ಯ ಬ್ಯಾಕಪ್ ಇದ್ದವರಿಗೆ ಇದು ಒಂದು ದಿನದ ಕೆಲಸ. ತಿಂಗಳಿಗೊಮ್ಮೆ ತೆಗೆಯುವವರಿಗೆ ಒಂದು ತಿಂಗಳ ಲೆಕ್ಕ.

ಇದೇ ಕ್ರಮವನ್ನು ಏನೂ ಕೆಡದಿರುವಾಗ, ತಿಂಗಳಿಗೊಮ್ಮೆ, ಬೇರೊಂದು ಗಣಕಯಂತ್ರದಲ್ಲಿ ಪರೀಕ್ಷಾರ್ಥವಾಗಿ ನಡೆಸಬೇಕು. ಬರೆದ ಡ್ರೈವ್‌ನಲ್ಲಿಯೇ ಪರೀಕ್ಷಿಸಿದರೆ ಅರ್ಧ ಪರೀಕ್ಷೆ ಮಾತ್ರ, ಏಕೆಂದರೆ ನಿಜವಾದ ಆಪತ್ತಿನ ದಿನ ಆ ಡ್ರೈವ್ ಇಲ್ಲದಿರಬಹುದು. ಲೆಕ್ಕ ಪರಿಶೋಧಕರ ಕಛೇರಿಯಲ್ಲಿ ಅಥವಾ ಮಾಲೀಕರ ಮನೆಯ ಯಂತ್ರದಲ್ಲಿ ಈ ಪರೀಕ್ಷೆ ನಡೆಸಬಹುದು. ಕನಿಷ್ಠ ಇಬ್ಬರಿಗೆ ಈ ಕೆಲಸ ತಿಳಿದಿರಬೇಕು. ಗುಮಾಸ್ತರು ರಜೆಯಲ್ಲಿರುವ ದಿನವೇ ಯಂತ್ರ ಕೆಡಬಹುದು.

ಗುಪ್ತಪದದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಟ್ಯಾಲಿ ವಾಲ್ಟ್‌ನಂಥ ಸೌಲಭ್ಯದಿಂದ ಬೀಗ ಹಾಕಿದ ಲೆಕ್ಕವನ್ನು ಗುಪ್ತಪದವಿಲ್ಲದೆ ತೆರೆಯಲಾಗದು. ಮೊಹರು ಮಾಡಿದ ಲಕೋಟೆಯಲ್ಲಿ ಗುಪ್ತಪದವನ್ನು ಬರೆದು ಮಾಲೀಕರ ತಿಜೋರಿಯಲ್ಲಿಡುವುದು ವಿವೇಕ.

ಡಿಸ್ಕಿನ ಆರೈಕೆ

ಸಿ.ಡಿ.ಯ ಹೊಳೆಯುವ ಕೆಳಮೈ ಸೂಕ್ಷ್ಮ, ಚೀಟಿಯ ಮೇಲ್ಮೈ ಗಟ್ಟಿ ಎಂಬ ತಪ್ಪುಕಲ್ಪನೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಸಿ.ಡಿ.ಯ ದತ್ತಾಂಶದ ಪದರವು ಮೇಲ್ಮೈಯ ತೆಳುವಾದ ಲೇಪದ ಅಡಿಯಲ್ಲೇ ಇರುತ್ತದೆ. ಅಲ್ಲಿ ಬಾಲ್‌ಪೆನ್ನಿನಿಂದ ಬರೆದರೆ ಪದರಕ್ಕೇ ಗೀರು ಬೀಳುತ್ತದೆ. ಡಿ.ವಿ.ಡಿ.ಯಲ್ಲಿ ಪದರವು ತಲಾ 0.6 ಮಿ.ಮೀ. ದಪ್ಪದ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದರಿಂದ ಮೇಲಿನಿಂದ ಹೆಚ್ಚು ಸುರಕ್ಷಿತ. ಎರಡಕ್ಕೂ ಮೃದು ತುದಿಯ ಮಾರ್ಕರ್ ಬಳಸಿ, ಸಾಧ್ಯವಾದಷ್ಟು ನಡುವಿನ ಪಾರದರ್ಶಕ ಭಾಗದಲ್ಲಿ ಗುರುತು ಬರೆಯಬೇಕು. ಕಾಗದದ ಚೀಟಿ ಅಂಟಿಸಬಾರದು. ಡಿಸ್ಕ್ ವೇಗವಾಗಿ ತಿರುಗುವಾಗ ತೂಕ ಒಂದು ಕಡೆಗೆ ಎಳೆಯುತ್ತದೆ. ಒರೆಸುವಾಗ ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು.

ಡಿಸ್ಕುಗಳನ್ನು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ, ತಂಪಾದ, ಒಣ ಸ್ಥಳದಲ್ಲಿ ಇಡಬೇಕು. ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಮಾಡಿನ ಗೋದಾಮಾಗಲಿ ಮಂಗಳೂರಿನ ಮಳೆಗಾಲದಲ್ಲಿ ತೇವ ಹಿಡಿಯುವ ಬೀರುವಾಗಲಿ ತಕ್ಕ ಜಾಗವಲ್ಲ. ಜೊತೆಗೆ, ಎಲ್ಲ ಡಿಸ್ಕುಗಳೂ ಗಣಕಯಂತ್ರ ಇರುವ ಕಟ್ಟಡದಲ್ಲಿಯೇ ಇರಬಾರದು. 2009ರ ಅಕ್ಟೋಬರ್‌ನಲ್ಲಿ ಉತ್ತರ ಕರ್ನಾಟಕದಲ್ಲಿ, 2019ರ ಆಗಸ್ಟ್‌ನಲ್ಲಿ ಬೆಳಗಾವಿ ಮತ್ತು ಬಾಗಲಕೋಟೆ ಭಾಗದಲ್ಲಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನೀರು ನುಗ್ಗಿದ್ದನ್ನು ನೆನೆದರೆ ಇದರ ಅಗತ್ಯ ತಿಳಿಯುತ್ತದೆ. ನೀರಿಗೂ ಬೆಂಕಿಗೂ ಯಂತ್ರ ಯಾವುದು, ಬ್ಯಾಕಪ್ ಯಾವುದು ಎಂಬ ಭೇದವಿಲ್ಲ. ಶನಿವಾರದ ಡಿಸ್ಕ್ ಮಾಲೀಕರ ಮನೆಗೂ ತಿಂಗಳ ಡಿಸ್ಕ್ ಬ್ಯಾಂಕಿನ ಲಾಕರಿಗೂ ಹೋಗುವುದು ಉತ್ತಮ.

ಡಿಸ್ಕನ್ನು ಎಸೆಯುವಾಗಲೂ ಎಚ್ಚರ ಅಗತ್ಯ. 'ಕ್ವಿಕ್ ಇರೇಸ್' ಎಂಬ ತ್ವರಿತ ಅಳಿಸುವಿಕೆಯು ಸಿ.ಡಿ.ಯ ವಿಷಯಸೂಚಿಯನ್ನು ಮಾತ್ರ ಅಳಿಸುತ್ತದೆ. ಒಳಗಿನ ಲೆಕ್ಕ ಹಾಗೆಯೇ ಉಳಿದಿರುತ್ತದೆ. ಪೂರ್ಣ ಅಳಿಸುವಿಕೆಗೆ 74 ನಿಮಿಷದ ಸಿ.ಡಿ.ಯಲ್ಲಿ 4ಎಕ್ಸ್ ವೇಗದಲ್ಲಿ ಸುಮಾರು 19 ನಿಮಿಷ ಹಿಡಿಯುತ್ತದೆ. ಬೇಡವಾದ ಡಿಸ್ಕನ್ನು ಕತ್ತರಿಸಿ ಎಸೆಯುವುದು ಎಲ್ಲಕ್ಕಿಂತ ಸುಲಭ.

ಹಳೆಯ ಡಿಸ್ಕುಗಳ ಗತಿ

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದ ನಂತರದ ವರ್ಷಗಳ ಲೆಕ್ಕವನ್ನು ಸಿ.ಡಿ.ಗಳಲ್ಲಿ ಬರೆದು ಇಟ್ಟ ಸಂಸ್ಥೆಗಳು ಹಲವಿವೆ. ಹಳೆಯ ವ್ಯಾಜ್ಯ, ಆಸ್ತಿ ಹಂಚಿಕೆ ಅಥವಾ ಪಾಲುದಾರಿಕೆಯ ಲೆಕ್ಕ ಬಾಕಿ ಇರುವವರು ಅವುಗಳನ್ನು ಈಗಲೇ ಓದಿ ನೋಡಬೇಕು. ತೆರೆದುಕೊಂಡವುಗಳನ್ನು ಹೊಸ ಮಾಧ್ಯಮಕ್ಕೆ ಪ್ರತಿಮಾಡಿಕೊಳ್ಳಬೇಕು. ಮರುಬರಹದ ಡಿಸ್ಕ್ ದೀರ್ಘಕಾಲದ ದಾಖಲೆಗೆ ತಕ್ಕುದಲ್ಲ; ಅದರಲ್ಲಿರುವ ಹಳೆಯ ಲೆಕ್ಕವಿದ್ದರೆ ಅದಕ್ಕೆ ಮೊದಲ ಆದ್ಯತೆ ಸಲ್ಲಬೇಕು.

ಡಿಸ್ಕ್ ತೆರೆದುಕೊಂಡರೂ ಕಡತ ತೆರೆದುಕೊಳ್ಳದಿರಬಹುದು. ಲೆಕ್ಕದ ತಂತ್ರಾಂಶಗಳ ಹೊಸ ಆವೃತ್ತಿಗಳು ಹಳೆಯ ದತ್ತಾಂಶವನ್ನು ಪರಿವರ್ತಿಸದೆ ಓದುವುದಿಲ್ಲ. ಆದ್ದರಿಂದ ವರ್ಷಾಂತ್ಯದ ಡಿಸ್ಕಿನಲ್ಲಿ ತಂತ್ರಾಂಶದ ಹೆಸರು ಮತ್ತು ಆವೃತ್ತಿಯನ್ನು ನಮೂದಿಸುವುದರೊಂದಿಗೆ ತಾಳೆಪಟ್ಟಿ, ಅಢಾವೆ ಪತ್ರಿಕೆ, ಖತಾವಣಿ ಮತ್ತು ದಾಸ್ತಾನು ಪಟ್ಟಿಗಳನ್ನು ಪಿ.ಡಿ.ಎಫ್. ರೂಪದಲ್ಲಿಯೂ ಸೇರಿಸಿಡಬೇಕು.

ಇಂದಿನ ದಿನಗಳಲ್ಲಿ ಡಿಸ್ಕಿನ ಸ್ಥಾನ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಅಪರೂಪವಾಗಿದೆ, ಯು.ಎಸ್.ಬಿ. ಮೂಲಕ ಜೋಡಿಸುವ ರೈಟರ್ ಬೇಕಾಗುತ್ತದೆ. ಸೋನಿ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ಉತ್ಪಾದನೆಯನ್ನು ನಿಲ್ಲಿಸಿತು. ಹಾಗಾದರೆ ಈ ಕಷ್ಟವೇಕೆ, ಹೊರಗಿನ ಹಾರ್ಡ್ ಡಿಸ್ಕ್ ಅಥವಾ ಅಂತರಜಾಲದ ಸಂಗ್ರಹ ಸಾಲದೇ ಎಂಬ ಪ್ರಶ್ನೆ ನ್ಯಾಯವಾದುದೇ.

ದಿನನಿತ್ಯದ ಮೊದಲ ಪ್ರತಿಗೆ ಅವು ಡಿಸ್ಕಿಗಿಂತ ವೇಗವಾಗಿವೆ, ಸುಲಭವಾಗಿವೆ. ಆದರೆ 2017ರ ಮೇ ತಿಂಗಳಲ್ಲಿ 150ಕ್ಕೂ ಹೆಚ್ಚು ದೇಶಗಳನ್ನು ಕಾಡಿದ ವಾನಾಕ್ರೈನಂಥ ಒತ್ತೆಹಣದ ಕುತಂತ್ರಾಂಶಗಳು ಯಂತ್ರಕ್ಕೆ ಜೋಡಿಸಿದ ಹೊರಗಿನ ಹಾರ್ಡ್ ಡಿಸ್ಕನ್ನೂ ಪೆನ್ ಡ್ರೈವನ್ನೂ ಬಿಡುವುದಿಲ್ಲ. ಯಂತ್ರದೊಡನೆ ತಾನಾಗಿ ಹೊಂದಿಸಿಕೊಳ್ಳುವ ಅಂತರಜಾಲದ ಸಂಗ್ರಹಕ್ಕೆ ಕೆಟ್ಟ ಪ್ರತಿಯೇ ಹೋಗಿ ಸೇರುವ ಅಪಾಯವಿದೆ. ಬೀರುವಿನಲ್ಲಿರುವ ಡಿಸ್ಕನ್ನು ಯಾವ ಕುತಂತ್ರಾಂಶವೂ ಮುಟ್ಟಲಾರದು. ಒಮ್ಮೆ ಬರೆದು ಮುಗಿಸಿದ 'ಆರ್' ಡಿಸ್ಕನ್ನು ಡ್ರೈವ್‌ಗೆ ಹಾಕಿದಾಗಲೂ ಅದು ಬದಲಿಸಲಾರದು. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಈಗ ಎಲ್ಲೆಡೆ ಒಪ್ಪಿತವಾದ ಸೂತ್ರ. ಯಂತ್ರದಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಮನೆಯಲ್ಲೋ ಲಾಕರಿನಲ್ಲೋ ಇರುವ ಡಿಸ್ಕಿನಲ್ಲಿ ಒಂದು ಎಂದು ಇಟ್ಟುಕೊಂಡರೆ ಈ ಸೂತ್ರ ಪಾಲಿಸಿದಂತಾಗುತ್ತದೆ.

ಮಾಧ್ಯಮ ಯಾವುದೇ ಇರಲಿ, ಮರಳಿ ಪಡೆದು ನೋಡುವ ನಿಯಮ ಎಲ್ಲಕ್ಕೂ ಒಂದೇ. ಊಹೆಯ ಆ ಹುಬ್ಬಳ್ಳಿಯ ಘಟಕದಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆ ವಿನಿಯೋಗಿಸಿ ಬೇರೊಂದು ಯಂತ್ರದಲ್ಲಿ ಸಿ.ಡಿ. ತೆರೆದು ನೋಡಿದ್ದರೆ, ಶಾರ್ಟ್‌ಕಟ್ಟಿನ ತಪ್ಪು ಮೊದಲನೆಯ ತಿಂಗಳಲ್ಲೇ ಬೆಳಕಿಗೆ ಬರುತ್ತಿತ್ತು. ಸದಸ್ಯ ಬಾಂಧವರು ಈ ತಿಂಗಳ ಕೊನೆಯ ಶನಿವಾರದಂದೇ ತಮ್ಮ ಬ್ಯಾಕಪ್ ಡಿಸ್ಕೊಂದನ್ನು ಹೊರತೆಗೆದು, ಬೇರೆ ಯಂತ್ರದಲ್ಲಿ ರೀಸ್ಟೋರ್ ಮಾಡಿ, ತಾಳೆಪಟ್ಟಿಯ ಮೊತ್ತವನ್ನು ಹೋಲಿಸಿ ನೋಡುವುದು ಒಳಿತು. ಮೊತ್ತ ಹೊಂದಿದರೆ ನಿಶ್ಚಿಂತೆ. ಹೊಂದದಿದ್ದರೆ, ಮೂಲ ಲೆಕ್ಕ ಇನ್ನೂ ಯಂತ್ರದಲ್ಲಿ ಸುರಕ್ಷಿತವಾಗಿರುವಾಗಲೇ ಲೋಪ ತಿಳಿದುಬರುತ್ತದೆ, ಅದನ್ನು ಸರಿಪಡಿಸಿಕೊಳ್ಳಲು ಸಮಯವೂ ಇರುತ್ತದೆ.